ಪೂರ್ಣ ಹೆಸರು, ಪೂರ್ಣ ವಿಳಾಸ

ಜೂನ್ 2, ಸೋಮವಾರ

ಅಪ್ಪ ಅಕ್ಕನ ಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾರೆ. ಅವರನ್ನು ಎತ್ತಿ ಮಲಗಿಸುವ ಮೊದಲೇ ನನಗೂ ಅಕ್ಕನಿಗೂ ಫೋನಿನಲ್ಲಿ ಜಗಳವಾಯಿತು. ಅವಳು ಸರ್ಕಾರಿ ಆಸ್ಪತ್ರೆಗೆ ಎಂದಳು. ನಾನು ಬೇಡವೇ ಬೇಡ ಎಂದೆ. ನಮ್ಮ ಏಜೆನ್ಸಿ ಪ್ರಚಾರ ನೋಡಿಕೊಳ್ಳುವ ಆಸ್ಪತ್ರೆಯಿದೆ, ನಾನೊಂದು ಫೋನ್ ಮಾಡಿದರೆ ಒಳ್ಳೆಯ ಕೋಣೆ ಸಿಗುತ್ತದೆ ಎಂದೆ.

"ನೀನೇ ಬರೆಯೋ ಜಾಹೀರಾತನ್ನ ನೀನೇ ನಂಬ್ತೀಯಲ್ಲೇ," ಎಂದಳು ಅಕ್ಕ. ಆದರೂ ಒಪ್ಪಿದಳು. ಅಮ್ಮ ಹೋದಾಗ ನಾನಿನ್ನೂ ಎರಡನೇ ತರಗತಿ. ಅಲ್ಲಿಂದ ನನ್ನ ಜಡೆ ಹೆಣೆದವಳು, ಚಪ್ಪಲಿಗೆ ಉಂಗುಷ್ಟ ಹೊಲಿದವಳು, ನನಗಾಗಿ ಮೇಷ್ಟರ ಹತ್ತಿರ ಸುಳ್ಳು ಹೇಳಿದವಳು ಅಕ್ಕ. ನನ್ನ ಹಟಕ್ಕೆ ಸೋಲುವುದು ಅವಳಿಗೆ ರೂಢಿಯಾಗಿಹೋಗಿದೆ.

ಆಸ್ಪತ್ರೆ ನಿಂತ ಜಾಗದಲ್ಲಿ ಮೊದಲು ಮೈದಾನವಿತ್ತು, ಅದರ ಮೂಲೆಗೊಂದು ವಾಚನಾಲಯ. ಶಾಲೆಗೆ ರಜೆ ಬಿಟ್ಟು ಮಕ್ಕಳೆಲ್ಲ ಚದುರಿಹೋಗಿದ್ದ ಹೊತ್ತು ನೋಡಿ ನಗರಸಭೆ ಬೇಲಿ ಹಾಕಿಸಿತು. ಜನ ಮರೆತಿದ್ದಾರೆ. ನಾನು ಮರೆತಿಲ್ಲ. ಯಾವ ಸದಸ್ಯ ಕೈ ಎತ್ತಿದ, ಯಾವನು ಅದೇ ಸಮಯಕ್ಕೆ ಮೂತ್ರಕ್ಕೆಂದು ಎದ್ದು ಹೋದ ಎಲ್ಲ ನೆನಪಿದೆ. ಆಗ ನಾನು ಪತ್ರಿಕೆಯಲ್ಲಿ ಓದುಗರ ಪತ್ರಗಳ ಅಂಕಣ ನೋಡಿಕೊಳ್ಳುತ್ತಿದ್ದೆ. ಅತಿ ಹೆಚ್ಚು ಪತ್ರ ಬರೆದವರು ನಮ್ಮಪ್ಪನೇ. ಇಂದು ಸ್ಟ್ರೆಚರ್ ಮೇಲೆ ಮಲಗಿ ಗಾಜಿನ ಬಾಗಿಲು ದಾಟುವಾಗ, ಅಷ್ಟು ನೋವಿನಲ್ಲೂ, "ಇಲ್ಲೇ ಕಣಮ್ಮ, ಗೋಲ್ ಕಂಬ ಇದ್ದದ್ದು," ಎಂದರು.

ಜೂನ್ 5, ಗುರುವಾರ

ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಮಧ್ಯಾಹ್ನ ಅಕ್ಕ ಊಟಕ್ಕೆ ಹೋದಾಗ ನಾನು ಅಪ್ಪನ ಪಕ್ಕ ಕೂತು, ರೋಗಿಗಳ ಊಟದ ಮೇಜಿನ ಮೇಲೇ ಲ್ಯಾಪ್‌ಟಾಪ್ ಇಟ್ಟು ಕೆಲಸ ಮಾಡಿದೆ. ಕೆಲಸವೆಂದರೆ, ಇದೇ ಆಸ್ಪತ್ರೆಯ ಪುಟದಲ್ಲಿ ಜನ ಬರೆದ ರಿವ್ಯೂಗಳಿಗೆ ಆಸ್ಪತ್ರೆಯ ಹೆಸರಿನಲ್ಲಿ ಉತ್ತರ ಕೊಡುವುದು. ಹೊಗಳಿದವರಿಗೆ ಒಂದು ಸಿದ್ಧ ಉತ್ತರ, ಬೈದವರಿಗೆ ಇನ್ನೊಂದು: "ತಮಗಾದ ಅನುಭವಕ್ಕೆ ವಿಷಾದಿಸುತ್ತೇವೆ. ತಮ್ಮ ಅಭಿಪ್ರಾಯ ನಮಗೆ ಅಮೂಲ್ಯ."

ಅಪ್ಪ ಕನ್ನಡಕ ಕೇಳಿದರು. ಪರದೆಯನ್ನು ಬಹಳ ಹೊತ್ತು ನೋಡಿ, "ಎಲ್ಲ ಸರಿ, ಇವರ ವಿಳಾಸ ಎಲ್ಲಿ?" ಎಂದರು.

"ವಿಳಾಸ ಹಾಕಲ್ಲಪ್ಪ ಇಲ್ಲಿ."

"ಹಾಗಾದ್ರೆ ಇದು ದೂರಲ್ಲ, ಗೊಣಗಾಟ. ನಿನ್ನ ಅಂಕಣದಲ್ಲಿ ಇಂಥದ್ದನ್ನ ಬುಟ್ಟಿಗೆ ಹಾಕ್ತಿದ್ದೆಯಲ್ಲ."

ನಿಜ. ಪೂರ್ಣ ಹೆಸರು, ಪೂರ್ಣ ವಿಳಾಸವಿಲ್ಲದ ಪತ್ರವನ್ನು ನಾನು ಒಂದು ದಿನವೂ ಅಚ್ಚಿಗೆ ಕಳಿಸಿದವಳಲ್ಲ. ಆ ನಿಯಮ ಕಲಿತದ್ದೇ ಅಪ್ಪನಿಂದ. ಊರ ಗೋಡೆಗಳೆಲ್ಲ ಸೋಪು, ಚುನಾವಣೆ, ಮೂಲವ್ಯಾಧಿಯ ಬರಹಗಳಿಂದ ತುಂಬಿದ್ದಾಗ ಅಪ್ಪ ಪತ್ರದ ಮೇಲೆ ಪತ್ರ ಬರೆದು, ರಸ್ತೆಗೆ ಮುಖ ಮಾಡಿದ ಗೋಡೆಯ ಮೇಲೆ ಅನುಮತಿಯಿಲ್ಲದೆ ಯಾರೂ, ಮನೆಯ ಒಡೆಯನೂ, ಬರೆಯಕೂಡದೆಂದು ನಗರಸಭೆಯಿಂದ ನಿಯಮ ಮಾಡಿಸಿದರು. ದೂರು ಕೊಡುವವರು ಹೆಸರು ವಿಳಾಸ ಬರೆಯಲೇಬೇಕು ಎಂಬುದನ್ನೂ ಸೇರಿಸಿದ್ದು ಅವರೇ. "ಮುಖ ಮುಚ್ಕೊಂಡು ಬೆರಳು ತೋರಿಸೋದು ನಾಚಿಕೆಗೇಡು," ಎನ್ನುತ್ತಿದ್ದರು. ಅವರು ಬದುಕಿನಲ್ಲಿ ಗೆದ್ದ ದೊಡ್ಡ ಯುದ್ಧವೆಂದರೆ ಅದೊಂದೇ.

ಪತ್ರಿಕೆ ಮುಚ್ಚಿದ ಮೇಲೆ ನಾನು ಈ ಕೆಲಸಕ್ಕೆ ಬಂದೆ. ಇಲ್ಲಿ ಹೊಗಳಿಕೆಯ ರಿವ್ಯೂ ಕಡಿಮೆಯಾದ ವಾರ ನಾವೇ ಬರೆಯುತ್ತೇವೆ, ಹತ್ತಾರು ಕಲ್ಪಿತ ಹೆಸರುಗಳಲ್ಲಿ. ಇದನ್ನು ಅಪ್ಪನಿಗೆ ಹೇಳಿಲ್ಲ. ಹೇಳುವ ಧೈರ್ಯ ನನಗಿಲ್ಲ.

ಜೂನ್ 9, ಸೋಮವಾರ

ಇದನ್ನು ಈಗಲೇ ಬರೆಯುತ್ತೇನೆ. ಬರೆದಿಡದಿದ್ದರೆ ನಾಳೆ ಯಾರಾದರೂ ಹಾಗಾಗಲೇ ಇಲ್ಲ ಎನ್ನುತ್ತಾರೆ.

ಅಪ್ಪನಿರುವ ವಾರ್ಡಿನಲ್ಲಿ ಸಂಜೆಯಾದ ಮೇಲೆ ಮನೆಯವರು ಇರುವಂತಿಲ್ಲ. ಹಾಸಿಗೆಯ ಪಕ್ಕ ಕರೆಗಂಟೆ ಇರುತ್ತದೆ, ಒತ್ತಿದರೆ ನರ್ಸ್ ಬರುತ್ತಾರೆ. ನಿನ್ನೆ ಬೆಳಗಿನ ಜಾವ ಅಪ್ಪ ಒತ್ತಿದ್ದಾರೆ. ಯಾರೂ ಬರಲಿಲ್ಲ. ಮತ್ತೆ ಒತ್ತಿದ್ದಾರೆ. ಕೊನೆಗೆ ತಾವೇ ಎದ್ದು ನಿಲ್ಲಲು ಹೋಗಿ ಬಿದ್ದು, ನೆಲ ಒರೆಸುವ ಹೆಂಗಸು ಬರುವವರೆಗೆ ತಣ್ಣನೆಯ ನೆಲದ ಮೇಲೆ ಬಿದ್ದಿದ್ದಾರೆ. ಕೂಡಿಸಿದ ಮೂಳೆ ಮತ್ತೆ ಒಡೆದಿದೆ. ತಲೆಗೂ ಪೆಟ್ಟಾಗಿದೆ. ಮಾತು ತೊದಲುತ್ತಿದೆ.

ಅಕ್ಕ ಹೋದಾಗ ಗಂಟೆಯ ಗುಂಡಿ ದಿಂಬಿನ ಪಕ್ಕದಲ್ಲೇ ಇತ್ತಂತೆ. ಅವಳು ಅದರ ತಂತಿ ಹಿಡಿದು ಹೋದಳು. ತಂತಿಯ ಇನ್ನೊಂದು ತುದಿ ಗೋಡೆಯಲ್ಲಿರಲಿಲ್ಲ. ಕಿತ್ತು, ನೀಟಾಗಿ ಸುರುಳಿ ಸುತ್ತಿ, ಕಪಾಟಿನ ಹಿಂದೆ ಸಿಕ್ಕಿಸಿದ್ದರು.

"ಪದೇ ಪದೇ ಒತ್ತಿದ್ರೆ ಏನ್ ಮಾಡೋದು, ಒಬ್ಬರೇ ಇರ್ತೀವಿ ಇಡೀ ವಾರ್ಡಿಗೆ," ಎಂದು ಒಬ್ಬ ನರ್ಸ್ ಅಕ್ಕನ ಎದುರೇ ಹೇಳಿದ್ದಾಳೆ. ಆಮೇಲೆ ಹೇಳೇ ಇಲ್ಲ ಎಂದಿದ್ದಾಳೆ.

ಆ ಹುಡುಗಿಯ ಮೇಲಲ್ಲ ನನ್ನ ಸಿಟ್ಟು. ಇಡೀ ವಾರ್ಡಿಗೆ ಒಬ್ಬಳನ್ನು ಬಿಟ್ಟು, ಉಳಿದ ದುಡ್ಡನ್ನು ಹೊರಗಿನ ಗಾಜಿನ ಗೋಡೆಗೂ ನಮ್ಮಂಥವರ ಜಾಹೀರಾತಿಗೂ ಸುರಿದವರ ಮೇಲೆ. ಮೈದಾನ ನುಂಗಿದರು, ವಾಚನಾಲಯ ನುಂಗಿದರು, ಈಗ ಮುದುಕನೊಬ್ಬ ಕರೆಯುವ ಸದ್ದನ್ನೂ ನುಂಗಿದರು. ನಾಳೆ ಬೆಳಿಗ್ಗೆಯೇ ಆಸ್ಪತ್ರೆಯ ಪ್ರಚಾರಾಧಿಕಾರಿಯ ಮುಂದೆ ನಿಂತು ಕೇಳುತ್ತೇನೆ. ಅವನಿಗೆ ನಮ್ಮ ಕಚೇರಿಯಲ್ಲಿ ಟೈ ಎಂದೇ ಹೆಸರು, ಎಂಥ ಸೆಕೆಯಲ್ಲೂ ಅವನು ಅದನ್ನು ಬಿಚ್ಚಿದ್ದನ್ನು ಕಂಡವರಿಲ್ಲ. ಕೆಲಸ ಹೋದರೆ ಹೋಗಲಿ.

ಜೂನ್ 11, ಬುಧವಾರ

ಟೈ ನನ್ನ ಮಾತನ್ನು ಪೂರ್ತಿ ಕೇಳಿದ. ಅಡ್ಡ ಮಾತಾಡಲಿಲ್ಲ. ನೀರು ತರಿಸಿದ. "ಒಳಗಿನ ತನಿಖೆ ನಡೀತಿದೆ ಮೇಡಂ. ನೀವು ನಮ್ಮವರು. ನಿಮ್ಮ ತಂದೆ ಅಂದ್ರೆ ನಮ್ಮ ತಂದೆ ಇದ್ದ ಹಾಗೆ," ಎಂದ. ಉತ್ತರಗಳ ಸಿದ್ಧಪಟ್ಟಿಯಲ್ಲಿ ಈ ಸಾಲು ಇಲ್ಲ, ನಾನು ಬರೆದದ್ದಲ್ಲ. ಸ್ವಂತದ್ದೇ ಇರಬೇಕು.

ಕಚೇರಿಯಲ್ಲಿ ನಮ್ಮ ಮುಖ್ಯಸ್ಥೆ ಬಾಗಿಲು ಮುಚ್ಚಿ ಮಾತಾಡಿದರು. ಈ ಆಸ್ಪತ್ರೆ ಕೈಬಿಟ್ಟರೆ ನಮ್ಮ ಅರ್ಧ ಕಚೇರಿ ಖಾಲಿಯಾಗುತ್ತದೆ, ಮೊದಲು ಹೋಗುವವಳು ಹೊಸದಾಗಿ ಸೇರಿದ ಹುಡುಗಿ ಎಂದರು. ಅವಳ ಹೊಟ್ಟೆಯ ಮೇಲೆ ಹೊಡೆದು ನಾನು ಶೂರಳಾಗಬೇಕೇ? ತನಿಖೆ ಮುಗಿಯಲಿ. ಅಲ್ಲಿಯವರೆಗೆ ಕಾಯುವುದು ನ್ಯಾಯ.

ಜೂನ್ 14, ಶನಿವಾರ

ಅಪ್ಪನನ್ನು ಅಕ್ಕನ ಮನೆಗೆ ಕರೆತಂದೆವು. ಇನ್ನು ನಡೆಯುವುದಿಲ್ಲವಂತೆ. ಅಕ್ಕ ಅವರ ಕೈಗೆಟುಕುವಂತೆ ಒಂದು ಸ್ಟೀಲ್ ಲೋಟ, ಚಮಚ ಇಟ್ಟಿದ್ದಾಳೆ. ಬೇಕಾದಾಗ ಬಡಿಯುತ್ತಾರೆ. ಅವಳು ಎಲ್ಲಿದ್ದರೂ ಓಡಿಬರುತ್ತಾಳೆ. ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಅವಳು, ರಜೆ ಹಾಕಿದ್ದಾಳೆ.

ನನ್ನ ಮಗಳು ಗುಬ್ಬಿ ತಾತನ ಕಾಲ ಬಳಿ ಕೂತು ಬಣ್ಣ ಹಚ್ಚುತ್ತಿದ್ದಳು. ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದಳು.

"ನನಗೆ ದುಡ್ಡು ಬೇಡ, ಕೋರ್ಟು ಬೇಡ. ತಂತಿ ಕಿತ್ತಿದ್ದು ನಿಜ ಅಂತ ಒಂದೇ ಒಂದು ಸಾಲು ಬರೆದುಕೊಡ್ಲಿ. ಅಪ್ಪ ತಾವೇ ಸುಮ್ಮನೆ ಎದ್ದು ಬಿದ್ದರು ಅಂತ ಡಿಸ್ಚಾರ್ಜ್ ಕಾಗದದಲ್ಲಿ ಬರೆದಿದ್ದಾರಲ್ಲೇ, ಅದನ್ನ ಓದಿದಾಗಿಂದ ಅಪ್ಪ ಸರಿಯಾಗಿ ಊಟ ಮಾಡ್ತಿಲ್ಲ. ಜೀವಮಾನದಲ್ಲಿ ಸುಳ್ಳು ಬರೆದವರಲ್ಲ, ಅವರ ಬಗ್ಗೇನೇ ಸುಳ್ಳು ಬರೆದರೆ ಹೆಂಗಿರುತ್ತೆ?"

"ತನಿಖೆ ನಡೀತಿದೆ ಅಕ್ಕ."

"ನಿನ್ನ ಬಾಯಲ್ಲಿ ಆ ಮಾತು ಕೇಳೋಕೆ ಒಂಥರಾ ಆಗುತ್ತೆ ಕಣೇ."

ಜೂನ್ 23, ಸೋಮವಾರ

ಅಕ್ಕ ಆಸ್ಪತ್ರೆಯ ಪುಟದಲ್ಲಿ ರಿವ್ಯೂ ಬರೆದಿದ್ದಾಳೆ. ಒಂದೇ ನಕ್ಷತ್ರ. ಬೈಗುಳವಿಲ್ಲ, ಅಳು ಇಲ್ಲ. ತಂತಿ ಎಲ್ಲಿತ್ತು, ಹೇಗೆ ಸುತ್ತಿತ್ತು, ಅಪ್ಪ ಎಲ್ಲಿ ಬಿದ್ದಿದ್ದರು. "ಅವರು ಕರೆದರು. ಯಾರೂ ಬರಲಿಲ್ಲ." ಕೊನೆಗೆ ತನ್ನ ಪೂರ್ಣ ಹೆಸರು, ಮನೆ ಸಂಖ್ಯೆ, ಅಡ್ಡರಸ್ತೆ. ನನ್ನ ಹಳೆಯ ಅಂಕಣಕ್ಕೆ ಬಂದಿದ್ದರೆ ಒಂದಕ್ಷರ ತಿದ್ದದೆ ಅಚ್ಚು ಹಾಕಿಸುತ್ತಿದ್ದೆ.

ಹೊಸ ಹುಡುಗಿಯೇ ಅದನ್ನು ತೋರಿಸಿದ್ದು. ಫೋನ್ ಹಿಡಿದು ಕಾರಿಡಾರಿಗೆ ಹೋಗಿ ಅಕ್ಕನಿಗೆ ಬರೆದೆ: "ಅಕ್ಕಾ, ಕೋಪ ಮಾಡ್ಕೋಬೇಡ. ಅಪ್ಪಂಗೆ ಆಗಿದ್ದು ನನಗೂ ನೋವೇ. ಮನೆಗೆ ಬರ್ತೀನಿ, ಕೂತು ಮಾತಾಡೋಣ." ಇದನ್ನು ಈಗ ತೆಗೆದುಬಿಡು ಎಂಬ ಇನ್ನೊಂದು ಸಾಲು ಬರೆಯುವಷ್ಟರಲ್ಲಿ ಸಭೆಗೆ ಕರೆದರು.

ಜೂನ್ 24, ಮಂಗಳವಾರ

ನಾನು ಬರೆದದ್ದು ಅಕ್ಕನ ಸಂದೇಶಪೆಟ್ಟಿಗೆಯಲ್ಲಲ್ಲ. ರಿವ್ಯೂ ಕೆಳಗಿನ ಉತ್ತರದ ಚೌಕದಲ್ಲಿ. ನನ್ನ ಫೋನಿನಲ್ಲಿ ನನ್ನ ಖಾತೆಯೂ ಇದೆ, ಆಸ್ಪತ್ರೆಯ ಖಾತೆಯೂ ಇದೆ. ಯಾವುದು ತೆರೆದಿದೆ ಎಂದು ಹೇಳುವುದು ಮೂಲೆಯ ಒಂದು ಪುಟ್ಟ ವೃತ್ತದ ಚಿತ್ರ ಮಾತ್ರ. ಹೊಸಬರಿಗೆ ಮೊದಲ ದಿನ ನಾನು ಹೇಳಿಕೊಡುವ ಪಾಠವೇ ಅದು: ಬರೆಯುವ ಮೊದಲು ಮೂಲೆ ನೋಡಿ. ನಾನು ನೋಡಲಿಲ್ಲ. ಊರಿಗೆಲ್ಲ ಕಾಣುವಂತೆ ಆಸ್ಪತ್ರೆಯೇ ನಮ್ಮಕ್ಕನನ್ನು "ಅಕ್ಕಾ" ಎಂದು ಕರೆದು, ನಮ್ಮಪ್ಪನನ್ನು "ಅಪ್ಪ" ಎಂದಿತ್ತು.

ಕೆಲಸ ಹೋಯಿತೆಂದುಕೊಂಡೇ ಕಚೇರಿಗೆ ಹೋದೆ. ಹೋದರೆ ಎಲ್ಲರೂ ನಗುತ್ತಿದ್ದಾರೆ. ಜನ ಸ್ಕ್ರೀನ್‌ಶಾಟ್ ತೆಗೆದು ಹಂಚುತ್ತಿದ್ದಾರೆ. "ಯಾವ ಆಸ್ಪತ್ರೆ ಹೀಗೆ ಮಾತಾಡುತ್ತೆ ಹೇಳಿ?" "ಓದಿ ಕಣ್ಣು ತುಂಬಿತು." ಅಕ್ಕ ಬರೆದದ್ದನ್ನು ಯಾರೂ ಓದಿದಂತಿಲ್ಲ. ಅದರ ಕೆಳಗಿನದ್ದನ್ನು ಮಾತ್ರ ಓದಿದ್ದಾರೆ.

ಟೈ ಫೋನ್ ಮಾಡಿದ. "ಅವರು ನಿಮ್ಮ ಅಕ್ಕ ಅಂತ ನನಗೆ ಗೊತ್ತು ಮೇಡಂ. ಜನಕ್ಕೆ ಗೊತ್ತಿಲ್ಲ. ಗೊತ್ತಾಗೋದೂ ಬೇಡ. ಏನ್ ಸಾಲು ಬರೆದ್ರಿ!"

ಸಂಜೆ ಅಕ್ಕನ ಫೋನು.

"ಏನೇ ಇದು? ಆಸ್ಪತ್ರೆ ಯಾವಾಗಿಂದ ನನಗೆ ತಂಗಿ ಆಯ್ತು?"

"ನಾನೇ ಬರೆದಿದ್ದು ಅಕ್ಕ. ಕೈತಪ್ಪಿ ಅವರ ಖಾತೆಯಿಂದ ಹೋಯ್ತು."

"ಸರಿ. ಹಂಗಾದ್ರೆ ಬಾ. ಬರ್ತೀನಿ ಅಂದಿದ್ದೀಯಲ್ಲ, ಬಾ. ಬಂದು ಆ ಖಾತೆಯಿಂದಾನೇ ಇನ್ನೊಂದು ಸಾಲು ಬರಿ. ತಂತಿ ಕಿತ್ತಿದ್ವಿ ಅಂತ. ಅದೂ ಕೈತಪ್ಪಿ ಹೋಗ್ಲಿ."

ಜುಲೈ 4, ಶುಕ್ರವಾರ

ಅಕ್ಕನ ಮನೆಗೆ ಹೋಗಲು ಆಗಿಲ್ಲ. ಆಸ್ಪತ್ರೆ ಹೊಸ ಸೇವೆ ಆರಂಭಿಸುತ್ತಿದೆ: ನರ್ಸ್ ಮನೆಗೇ ಬಂದು ನೋಡಿಕೊಳ್ಳುವುದು. ಅದಕ್ಕೆ ಘೋಷವಾಕ್ಯ, "ಅಕ್ಕಾ, ಮನೆಗೆ ಬರ್ತೀನಿ." ಇಡೀ ಪ್ರಚಾರದ ಹೊಣೆ ನನ್ನದು. ಮುಖ್ಯಸ್ಥೆ ನನ್ನ ಹುದ್ದೆಯ ಹೆಸರಿಗೆ ಇನ್ನೊಂದು ಪದ ಸೇರಿಸಿದ್ದಾರೆ.

ಒಪ್ಪಿಕೊಳ್ಳುವ ಮೊದಲು ಬಹಳ ಯೋಚಿಸಿದೆ. ಹೊರಗಿನಿಂದ ಕಲ್ಲೆಸೆದರೆ ಗಾಜು ಒಡೆಯಬಹುದು, ಸಾಲು ಸಿಗುವುದಿಲ್ಲ. ಒಳಗಿದ್ದು, ನಂಬಿಕೆ ಗಳಿಸಿ ಕೇಳಿದರೆ ಅಕ್ಕನಿಗೆ ಬೇಕಾದ ಆ ಒಂದು ಸಾಲು ಸಿಕ್ಕೀತು. ಟೈ ಕೂಡ, "ಕ್ಯಾಂಪೇನ್ ಆಗ್ಲಿ, ಆಮೇಲೆ ಕೂತು ನೋಡೋಣ," ಎಂದಿದ್ದಾರೆ.

ನನ್ನವರಿಗೆ ಹೇಳಿದೆ. ಅವರು ತಮ್ಮ ಕನ್ನಡಕದ ಅಂಗಡಿಯಿಂದ ಆಗಷ್ಟೇ ಬಂದು ಕೈ ತೊಳೆಯುತ್ತಿದ್ದರು. "ಅಕ್ಕನ ಹತ್ರ ಕೇಳಿದ್ಯಾ?" ಎಂದರು. "ಅದು ಅವಳೊಬ್ಬಳ ಪದವೇನ್ರೀ? ಅಕ್ಕ ಅಂತ ಊರೆಲ್ಲ ಕರೀತಾರೆ," ಎಂದೆ. ಅವರು ಟವೆಲಿನಲ್ಲಿ ಕೈ ಒರೆಸಿಕೊಂಡರು, ಬಹಳ ಹೊತ್ತು.

ಜುಲೈ 12, ಶನಿವಾರ

ಕೊನೆಗೂ ಹೋಗಿಬಂದೆ. ಸಮಯ ಹೆಚ್ಚಿರಲಿಲ್ಲ. ಅಪ್ಪ ಇಳಿದುಹೋಗಿದ್ದಾರೆ. ನನ್ನನ್ನು ನೋಡಿ ಏನೋ ಹೇಳಿದರು, ತಿಳಿಯಲಿಲ್ಲ. ಅಕ್ಕನಿಗೆ ತಿಳಿಯಿತು.

"ಸಾಲು ಬಂತಾ ಅಂತ ಕೇಳ್ತಿದ್ದಾರೆ."

"ಬರುತ್ತೆ ಅಪ್ಪ."

ಅಕ್ಕ ಅವರ ಕೈ ಹಿಡಿದು ಕೂತಿದ್ದಳು. ಕಿಟಕಿಯ ಬೆಳಕು ಚೆನ್ನಾಗಿತ್ತು. ಜೀವಮಾನವಿಡೀ ಪೆನ್ನು ಒತ್ತಿ ಅಪ್ಪನ ನಡುಬೆರಳು ಒಂದು ಪಕ್ಕಕ್ಕೆ ಬಾಗಿದೆ, ಉಗುರಿನ ಬುಡದಲ್ಲಿ ಗಂಟು. ಅಕ್ಕನ ಬೆರಳಿಗೆ ಬಣ್ಣದ ಕಲೆ. ಒಂದು ಫೋಟೊ ತೆಗೆದುಕೊಂಡೆ. ಡಿಸೈನರ್‌ಗೆ ಮಾದರಿಗೆ ಬೇಕಿತ್ತು, ಅಷ್ಟೇ. ಮುಖಗಳು ಬಂದಿಲ್ಲ.

ಹೊರಡುವಾಗ ಲೋಟದ ಸದ್ದು ಕೇಳಿಸಿತು. ತಿರುಗಿದೆ. ಅಕ್ಕ ಆಗಲೇ ಹೋಗಿದ್ದಳು.

ಜುಲೈ 21, ಸೋಮವಾರ

ಕ್ಯಾಂಪೇನ್ ಆರಂಭವಾಗುವ ಮೊದಲು ಪುಟ ಸ್ವಚ್ಛವಾಗಿರಬೇಕೆಂದು ಪ್ರಚಾರಾಧಿಕಾರಿಗಳು ಹೇಳಿದರು. ನಮ್ಮ ಉತ್ತರದ ಚಿತ್ರ ಎಲ್ಲೆಡೆ ಇದೆ. ಅದನ್ನು ನೋಡಿ ಮೂಲ ರಿವ್ಯೂ ಹುಡುಕಿ ಬರುವವರಿದ್ದಾರೆ. ಅಧಿಕಾರಿಗಳ ಆತಂಕ ಸಹಜವೇ.

ಅಕ್ಕನ ರಿವ್ಯೂವಿನಲ್ಲಿ ಆಕ್ಷೇಪಿಸುವಂಥದ್ದು ಏನೂ ಇರಲಿಲ್ಲ. ಬೈಗುಳವಿದ್ದರೆ ತೆಗೆಸಬಹುದು, ಇರಲಿಲ್ಲ. ಜಾಹೀರಾತಾಗಿದ್ದರೆ ತೆಗೆಸಬಹುದು, ಅದೂ ಅಲ್ಲ. ಕೊನೆಯ ಸಾಲಿಗೆ ಬಂದಾಗ ಹೊಳೆಯಿತು. ವೇದಿಕೆಯ ನಿಯಮದ ಪ್ರಕಾರ ಮನೆ ಸಂಖ್ಯೆ, ರಸ್ತೆಯಂಥ ವೈಯಕ್ತಿಕ ಮಾಹಿತಿಯಿರುವ ಬರಹ ಪ್ರಕಟಿಸುವಂತಿಲ್ಲ. ಆ ಕಾರಣ ಗುರುತು ಮಾಡಿ ವರದಿ ಕಳಿಸಿದೆ.

ಅಕ್ಕನ ಸುರಕ್ಷತೆಯ ದೃಷ್ಟಿಯಿಂದಲೂ ಇದು ಒಳ್ಳೆಯದು. ಒಂಟಿ ಹೆಂಗಸು, ಹಾಸಿಗೆ ಹಿಡಿದ ಅಪ್ಪ. ಊರಿಗೆಲ್ಲ ವಿಳಾಸ ಹೇಳಿಕೊಂಡು ಕೂರುವ ಕಾಲವಲ್ಲ ಇದು.

ಜುಲೈ 23, ಬುಧವಾರ

ತೆಗೆದಿದ್ದಾರೆ.

ಜುಲೈ 29, ಮಂಗಳವಾರ

ಅಕ್ಕ ಕಚೇರಿಯ ಹೊತ್ತಿನಲ್ಲಿ ಪದೇ ಪದೇ ಫೋನ್ ಮಾಡುತ್ತಾಳೆ. ನಿನ್ನೆ ಹೋರ್ಡಿಂಗ್‌ನ ಅಂತಿಮ ಚಿತ್ರ ತೋರಿಸುತ್ತಿದ್ದಾಗ ಮೇಜಿನ ಮೇಲೆ ಫೋನು ನಡುಗಿ ಎಲ್ಲರೂ ತಿರುಗಿ ನೋಡಿದರು. ನಾನೊಬ್ಬಳೇ ಎಲ್ಲವನ್ನೂ ನೋಡಿಕೊಳ್ಳಬೇಕು, ಏನು ಮಾಡುವುದು? ಕ್ಯಾಂಪೇನ್ ಆರಂಭವಾಗುವವರೆಗೆ ಅವಳ ನಂಬರನ್ನು ನಿಶ್ಶಬ್ದ ಮಾಡಿಟ್ಟಿದ್ದೇನೆ. ಕೆಲವೇ ದಿನಗಳ ಮಾತು.

ಮಾದರಿಗೆಂದು ಕಳಿಸಿದ ಫೋಟೊವನ್ನೇ ಡಿಸೈನರ್ ಇಟ್ಟುಕೊಂಡಿದ್ದಾನೆ. ಎಷ್ಟು ಮಾಡೆಲ್‌ಗಳನ್ನು ಕರೆಸಿದರೂ ಅಂಥ ಕೈ ಸಿಗಲಿಲ್ಲವಂತೆ. ಬೆರಳಿನ ಗಂಟನ್ನು ತಿದ್ದಿ ನಯ ಮಾಡೋಣವೇ ಎಂದು ಕೇಳಿದ. ಬೇಡ, ಅದೇ ಜೀವಾಳ ಎಂದೆ.

ಗುಬ್ಬಿಯ ಶಾಲೆಯಲ್ಲಿ ಏನೋ ಚಿತ್ರಪ್ರದರ್ಶನವಿತ್ತು. ನನ್ನವರು ಹೋಗಿದ್ದರು. "ಬರೋಕೆ ಆಗಲಿಲ್ಲ ಪುಟ್ಟ, ಮುಂದಿನ ಸಲ ಖಂಡಿತ ಗಮನಿಸ್ತೀವಿ," ಎಂದೆ. ನನ್ನವರು ನಕ್ಕರು. "ತಮ್ಮ ಅಭಿಪ್ರಾಯ ನಮಗೆ ಅಮೂಲ್ಯ, ಅದನ್ನೂ ಹೇಳಿಬಿಡು." ಗುಬ್ಬಿ ನಗಲಿಲ್ಲ.

ಆಗಸ್ಟ್ 4, ಸೋಮವಾರ

ಬೆಳಿಗ್ಗೆ ಆರಂಭ. ಮೊದಲ ಗಂಟೆಯಲ್ಲೇ ನಿರೀಕ್ಷೆ ಮೀರಿದ ಪ್ರತಿಕ್ರಿಯೆ. ಮುಖ್ಯಸ್ಥೆ ಅಪ್ಪಿಕೊಂಡರು. ಪ್ರಚಾರಾಧಿಕಾರಿಗಳು ಹೂಗುಚ್ಛ ಕಳಿಸಿದರು.

ಹನ್ನೆರಡರ ಸುಮಾರಿಗೆ ನನ್ನವರು ಕಚೇರಿಯ ಬಾಗಿಲಲ್ಲಿ ನಿಂತಿದ್ದರು. ಅಂಗಡಿ ಬಿಟ್ಟು ಅವರು ಬರುವವರಲ್ಲ. ಅಭಿನಂದಿಸಲು ಬಂದರೇನೋ ಎಂದುಕೊಂಡೆ.

ಅಪ್ಪ ಹೋದರು.

ಆಗಸ್ಟ್ 6, ಬುಧವಾರ

ಬೆಳಗಾದಾಗಿನಿಂದ ಉಸಿರು ಎಳೆಯುತ್ತಿದ್ದರಂತೆ. ಎಚ್ಚರವಿತ್ತಂತೆ. ಅಕ್ಕ ನನಗೆ ಮಾಡಿದ ಕರೆಗಳು ಫೋನಿನಲ್ಲಿ ಸಾಲಾಗಿ ನಿಂತಿವೆ. ನನಗೆ ಸಿಗದೆ ಕೊನೆಗೆ ಅಂಗಡಿಗೆ ಮಾಡಿದ್ದಾಳೆ.

ಬರೆಯಲು ಹೆಚ್ಚೇನೂ ಇಲ್ಲ. ವಯಸ್ಸಾಗಿತ್ತು. ಎಲ್ಲ ಪ್ರಯತ್ನವನ್ನೂ ಮಾಡಲಾಗಿತ್ತು.

ಆಗಸ್ಟ್ 16, ಶನಿವಾರ

ಅಕ್ಕನ ಮನೆಗೆ ಹೋದೆ. ಬಾಗಿಲು ಅವಳೇ ತೆಗೆದಳು.

"ಬನ್ನಿ. ಕೂತ್ಕೊಳ್ಳಿ," ಎಂದಳು.

ತಮಾಷೆಯೆಂದುಕೊಂಡೆ. ನಾನು ಹುಟ್ಟಿದಾಗಿನಿಂದ ಅವಳು ನನ್ನನ್ನು ಬಹುವಚನದಲ್ಲಿ ಕರೆದವಳಲ್ಲ. ನೀರು ತಂದು ಮುಂದಿಟ್ಟಳು, ಹೊರಗಿನವರಿಗೆ ಇಡುವಂತೆ ತಟ್ಟೆಯ ಮೇಲೆ.

"ಅಕ್ಕ, ಯಾಕೆ ಹೀಗೆ ಮಾತಾಡ್ತೀಯ?"

"ನೀವು ಆಸ್ಪತ್ರೆ ಕಡೆಯಿಂದ ತಾನೇ ಬಂದಿರೋದು? ಬೋರ್ಡಲ್ಲಿ ನೋಡಿದೆ. ಅಕ್ಕಾ, ಮನೆಗೆ ಬರ್ತೀನಿ ಅಂತ. ಬಂದ್ರಿ. ಸಂತೋಷ."

ಅವಳ ಮನೆಯ ಎದುರು, ರಸ್ತೆಯ ಆಚೆ ಬದಿ, ಹೋರ್ಡಿಂಗ್ ಇದೆ. ಜಾಗಗಳನ್ನು ಆರಿಸಿದ್ದು ನಾನಲ್ಲ, ಬೇರೆ ವಿಭಾಗ. ಕಿಟಕಿಯಿಂದ ಅಪ್ಪನ ಕೈ ಇಡೀ ಕೋಣೆಯಷ್ಟು ದೊಡ್ಡದಾಗಿ ಕಾಣುತ್ತದೆ.

"ನಾನು ಬರೆದಿದ್ದು ಎಲ್ಲಿ ಹೋಯ್ತು?" ಎಂದಳು.

"ಅದರಲ್ಲಿ ಮನೆ ವಿಳಾಸ ಇತ್ತಕ್ಕ. ನಿಯಮದಲ್ಲಿ ಬರಲ್ಲ. ಯಾರೇ ಬರೆದಿದ್ದರೂ ತೆಗೀತಿದ್ದರು."

"ತಾವಾಗಿ ತೆಗೆದರಾ, ಯಾರಾದ್ರೂ ಹೇಳಿ ತೆಗೆಸಿದ್ರಾ?"

ನಾನು ಮುಂದಿಟ್ಟಿದ್ದ ನೀರು ಕುಡಿದೆ. ಅವಳು ಖಾಲಿ ಹಾಸಿಗೆಯ ಪಕ್ಕದಿಂದ ಲೋಟ, ಚಮಚ ತೆಗೆದುಕೊಂಡು ಅಡುಗೆಮನೆಗೆ ಹೋಗಿ ತೊಳೆಯತೊಡಗಿದಳು. ನಲ್ಲಿ ನಿಲ್ಲಿಸಲೇ ಇಲ್ಲ. ಸ್ವಲ್ಪ ಹೊತ್ತು ಕಾದು, ಬಾಗಿಲು ಎಳೆದುಕೊಂಡು ಬಂದೆ. ದುಃಖದಲ್ಲಿರುವವರ ಮಾತನ್ನು ವೈಯಕ್ತಿಕವಾಗಿ ತೆಗೆದುಕೊಳ್ಳಬಾರದು.

ಆಗಸ್ಟ್ 29, ಶುಕ್ರವಾರ

ಆಸ್ಪತ್ರೆಯೊಂದಿಗಿನ ಒಪ್ಪಂದ ಮುಂದುವರಿಯಿತು. ಆ ಸಾಲಿನ ವಿಷಯ ಪ್ರಸ್ತಾಪಿಸಲು ಇದು ಸೂಕ್ತ ಸಂದರ್ಭವಲ್ಲವೆನಿಸಿತು. ಈಗ ಅದರಿಂದ ಯಾರಿಗೂ ಪ್ರಯೋಜನವೂ ಇಲ್ಲ.

ಸೆಪ್ಟೆಂಬರ್ 7, ಭಾನುವಾರ

ಗುಬ್ಬಿಗೆ ದೊಡ್ಡಮ್ಮನನ್ನು ನೋಡಬೇಕೆಂದು ಹಟ. ಕಾರಿನಲ್ಲಿ ಕರೆದುಕೊಂಡು ಹೋದೆ. ಆ ರಸ್ತೆಯ ತಿರುವಿನಲ್ಲಿ ಜನ ನಿಂತಿದ್ದರು. ಹಾಲು ಹಾಕುವವನು ಸೈಕಲ್ ಒರಗಿಸಿ ನಿಂತು ಓದುತ್ತಿದ್ದ.

ಅಕ್ಕ ತನ್ನ ಕಾಂಪೌಂಡ್ ಗೋಡೆಗೆ ಬಿಳಿ ಬಳಿದು, ಕಪ್ಪು ಬಣ್ಣದಲ್ಲಿ ಬರೆದಿದ್ದಾಳೆ. ಡ್ರಾಯಿಂಗ್ ಟೀಚರ್ ಕೈ. ಅಕ್ಷರಗಳ ನಡುವಿನ ಅಂತರ ಒಂದಿಷ್ಟೂ ತಪ್ಪಿಲ್ಲ.

ಗುಬ್ಬಿ ಜೋರಾಗಿ ಓದಿದಳು: "ಈ ಮನೆಯಲ್ಲಿದ್ದ ನಮ್ಮ ತಂದೆ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವರ ಕರೆಗಂಟೆಯ ತಂತಿಯನ್ನು ಕಿತ್ತು, ಸುತ್ತಿ, ಕಪಾಟಿನ ಹಿಂದೆ ಇಟ್ಟಿದ್ದರು. ಅವರು ಕರೆದರು. ಯಾರೂ ಬರಲಿಲ್ಲ. ಎದುರಿನ ಚಿತ್ರದಲ್ಲಿರುವುದು ಅವರದೇ ಕೈ. ವಿವರ ಬೇಕಾದವರು ಬಾಗಿಲು ತಟ್ಟಿ ಕೇಳಬಹುದು."

ಕೆಳಗೆ ಪೂರ್ಣ ಹೆಸರು. ಮನೆ ಸಂಖ್ಯೆ ಬರೆದಿರಲಿಲ್ಲ. ಅದು ಪಕ್ಕದ ಗೇಟಿನ ಮೇಲೇ ಇತ್ತು.

"ಅಮ್ಮಾ, ತಾತ ಕರೆದಾಗ ಯಾಕೆ ಯಾರೂ ಹೋಗಲಿಲ್ಲ?"

"ಕಿಟಕಿ ಹಾಕು, ಧೂಳು ಬರುತ್ತೆ," ಎಂದೆ.

ಗೇಟಿನೊಳಗೆ ಅಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಳು. ಒಬ್ಬ ಅಪರಿಚಿತ ಮುದುಕ ಅವಳೆದುರು ನಿಂತು ಏನೋ ಕೇಳುತ್ತಿದ್ದ. ಅವಳು ಕೈ ಮೇಲಕ್ಕೆತ್ತಿ ಗಾಳಿಯಲ್ಲಿ ತಂತಿ ಸುತ್ತಿ ತೋರಿಸುತ್ತಿದ್ದಳು. ಗುಬ್ಬಿ "ದೊಡ್ಡಮ್ಮಾ" ಎಂದು ಕೂಗಿದಳು. ಗಾಜು ಮುಚ್ಚಿತ್ತು. ನಾನು ಇಳಿಯಲಿಲ್ಲ. ಹಾದುಹೋಗುವವರು ಎಲ್ಲಿ ನಿಲ್ಲುತ್ತಾರೆ, ಎಲ್ಲಿಯವರೆಗೆ ಓದುತ್ತಾರೆ ಎಂದು ಸ್ವಲ್ಪ ಹೊತ್ತು ಗಮನಿಸಿದೆ. ಬಹುತೇಕ ಎಲ್ಲರೂ ಕೊನೆಯವರೆಗೆ ಓದುತ್ತಾರೆ. ಓದಿ, ತಿರುಗಿ ಹೋರ್ಡಿಂಗ್ ನೋಡುತ್ತಾರೆ.

ಗೋಡೆಯ ಫೋಟೊ ತೆಗೆದು ಪ್ರಚಾರಾಧಿಕಾರಿಗಳಿಗೆ ಕಳಿಸಿದೆ. ಇದನ್ನು ವರದಿ ಮಾಡಲು ಗುಂಡಿ ಇಲ್ಲವಲ್ಲ ಮೇಡಂ, ಎಂದು ಬರೆದರು.

ಸೆಪ್ಟೆಂಬರ್ 8, ಸೋಮವಾರ

ಇದೆ. ಊರಿನಲ್ಲಿ ಯಾರಿಗೂ ನೆನಪಿಲ್ಲ, ನನಗೆ ನೆನಪಿದೆ. ಬೆಳಿಗ್ಗೆ ಕಚೇರಿಗೆ ಹೋಗುವ ದಾರಿಯಲ್ಲಿ ನಗರಸಭೆಗೆ ಹೋದೆ. ಕೌಂಟರಿನ ಗುಮಾಸ್ತನಿಗೆ ಅಂಥ ನಿಯಮವಿರುವುದೇ ಗೊತ್ತಿರಲಿಲ್ಲ. ರಸ್ತೆಗೆ ಮುಖ ಮಾಡಿದ ಗೋಡೆ, ಅನುಮತಿಯಿಲ್ಲದ ಬರಹ, ಮನೆಯ ಮಾಲೀಕರಾದರೂ ಸರಿ ಎಂದು ನಾನೇ ಬಿಡಿಸಿ ಹೇಳಿದೆ. ಅವನು ಒಳಗೆ ಹೋಗಿ ಧೂಳು ಹಿಡಿದ ಕಡತ ತಂದು, ಓದಿ, "ಯಾರೋ ಬಹಳ ಹಟ ಹಿಡಿದು ಮಾಡಿಸಿದ ಹಾಗಿದೆ ಇದನ್ನ," ಎಂದ.

ಎರಡು ದಿನದಲ್ಲಿ ಸುಣ್ಣ ಬಳಿಸುತ್ತಾರಂತೆ.

ಈಗ ಕಾಲ ಬದಲಾಗಿದೆ, ಹೆಸರಿಲ್ಲದೆಯೂ ದೂರು ಕೊಡಬಹುದು ಮೇಡಂ, ಸುಮ್ಮನೆ ಯಾಕೆ ನಿಷ್ಠುರ ಎಂದ. ಬೇಡವೆಂದೆ. ಅರ್ಜಿಯಲ್ಲಿ ಮಾಲೀಕರಿಗೂ ದೂರುದಾರರಿಗೂ ಇರುವ ಸಂಬಂಧ ಎಂಬ ಜಾಗ ಕಡ್ಡಾಯವಾಗಿರಲಿಲ್ಲ, ಖಾಲಿ ಬಿಟ್ಟೆ. ಉಳಿದದ್ದನ್ನೆಲ್ಲ ದುಂಡಗೆ ತುಂಬಿದೆ: ಪೂರ್ಣ ಹೆಸರು, ಮನೆ ಸಂಖ್ಯೆ, ಅಡ್ಡರಸ್ತೆ. ಕೆಳಗೆ ಸಹಿ.

ಅಪ್ಪ ಇದ್ದಿದ್ದರೆ ಅದೊಂದನ್ನಾದರೂ ಮೆಚ್ಚುತ್ತಿದ್ದರು.